ಅನ್ನದ ಲೆಕ್ಕ ಬರೆದ ಆಟ್‌ವಾಟರ್

ವರ್ಷಕ್ಕೊಮ್ಮೆ ರಜೆ ಪಡೆದು ಊರಿಗೆ ಹೋದ ಹೋಟೆಲ್ ಕೆಲಸಗಾರ ತರುಣನನ್ನು ಕಂಡೊಡನೆ ಹೆತ್ತ ತಾಯಿಯು ಕೇಳುವ ಮೊದಲ ಪ್ರಶ್ನೆಯು ಸಂಬಳದ್ದಾಗಿರುವುದಿಲ್ಲ. ಮೈ ಇಷ್ಟೇಕೆ ಸೊರಗಿತೆಂಬುದೇ ಆಗಿರುತ್ತದೆ. ದಿನವೊಂದಕ್ಕೆ ನೂರಾರು ಜನರಿಗೆ ಉಣಬಡಿಸುವ ಸ್ಥಳದಲ್ಲಿಯೇ ಇದ್ದೂ ಮಗನು ಹೀಗೆ ಬಡವಾದುದು ಆಕೆಗೆ ಬಿಡಿಸಲಾಗದ ಒಗಟು. ಉಂಡದ್ದು ಮೈಗೆ ಹತ್ತುವುದಿಲ್ಲವೆಂದು ಮಗನು ಸಮಾಧಾನ ಹೇಳುತ್ತಾನೆ. ಮುಂಬಯಿಗೋ ಪುಣೆಗೋ ಮರಳಿದ ಮೇಲೆ ಜಾಹೀರಾತನ್ನು ನಂಬಿ ಶಕ್ತಿಯ ಪುಡಿಯ ಡಬ್ಬಿಯೊಂದಕ್ಕೆ ಅರ್ಧ ಸಂಬಳವನ್ನು ಸುರಿಯುತ್ತಾನೆ. ಕಚೇರಿಯಲ್ಲಿ ಬರೆಯುತ್ತ ಕುಳಿತಿರುವ ನಮ್ಮ ಗುಮಾಸ್ತ ಬಂಧುಗಳಲ್ಲಿಯೂ ಈ ಚಿಂತೆ ಇಲ್ಲದಿಲ್ಲ.

ಉಂಡದ್ದು ಮೈಗೆ ಹತ್ತದಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ಈ ಸರಳ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಮನುಷ್ಯನ ಅನ್ನಕ್ಕೂ ಮೈಗೂ ನಡುವೆ ನಡೆಯುವ ವ್ಯವಹಾರವನ್ನು ಕಾಸಿಗೆ ಕಾಸು ಸರಿಹೋಗುವಂತೆ ಬರೆದು ತೋರಿಸಿದ ಮಹನೀಯನೊಬ್ಬನಿದ್ದನು. ಆತನು ಅಮೇರಿಕೆಯ ರಸಾಯನ ಶಾಸ್ತ್ರಜ್ಞನಾದ ವಿಲ್ಬರ್ ಓಲಿನ್ ಆಟ್‌ವಾಟರ್. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಇಂದು ನಾವು ಕಾಣುವ ಕ್ಯಾಲೊರಿಯ ಅಂಕಿಗಳ ಹಿಂದೆ ಇರುವುದು ಆತನ ಜೀವಮಾನದ ದುಡಿಮೆ. ಮೈ ತುಂಬಿಕೊಳ್ಳಬೇಕೆಂದು ಹಂಬಲಿಸುವ ಪ್ರತಿಯೊಬ್ಬ ತರುಣನೂ ತಿಳಿದಿರತಕ್ಕ ಜೀವನವದು.

ಆಟ್‌ವಾಟರನು 1844ನೆಯ ಇಸವಿಯ ಮೇ 3ರಂದು ನ್ಯೂಯಾರ್ಕ್ ಸಂಸ್ಥಾನದ ಜಾನ್ಸ್‌ಬರ್ಗ್ ಎಂಬಲ್ಲಿ ಜನಿಸಿದನು. ತಂದೆಯು ಮೆಥಡಿಸ್ಟ್ ಪಂಥದ ಪಾದ್ರಿ. ಮದ್ಯಪಾನವನ್ನು ಪಾಪವೆಂದು ಬಗೆಯುವ ಕಟ್ಟುನಿಟ್ಟಿನ ಮನೆತನವದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಅದು ಆತನ ಪಾಲಿಗೆ ಅಗ್ನಿಪರೀಕ್ಷೆಯಾಗಿ ಬರಲಿತ್ತು. ಕನೆಟಿಕಟ್ ಸಂಸ್ಥಾನದ ಮಿಡಲ್‌ಟೌನ್ ಪಟ್ಟಣದಲ್ಲಿರುವ ವೆಸ್ಲಿಯನ್ ವಿದ್ಯಾಲಯದಿಂದ 1865ರಲ್ಲಿ ಪದವಿಯನ್ನು ಪಡೆದ ಆತನು, 1869ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಕೆಜೋಳದ ರಾಸಾಯನಿಕ ಘಟಕಗಳನ್ನು ಕುರಿತು ಪ್ರಬಂಧ ಬರೆದು ಡಾಕ್ಟರೇಟ್ ಗಳಿಸಿದನು. ಬಡವನ ಹೊಟ್ಟೆಗೆ ಹೋಗುವ ಧಾನ್ಯವೊಂದರಿಂದಲೇ ಆತನ ಸಂಶೋಧನೆಯು ಆರಂಭವಾದುದು ಅರ್ಥಪೂರ್ಣವಾಗಿದೆ.

ಆ ಕಾಲದಲ್ಲಿ ರಸಾಯನ ಶಾಸ್ತ್ರಕ್ಕೆ ಜರ್ಮನಿಯೇ ಗುರುಪೀಠ. ಲೈಪ್‌ಜಿಗ್ ಮತ್ತು ಬರ್ಲಿನ್ ನಗರಗಳಲ್ಲಿ ಎರಡು ವರ್ಷ ವ್ಯಾಸಂಗ ಮಾಡಿ, ಸ್ವದೇಶಕ್ಕೆ ಮರಳಿ, ಟೆನ್ನೆಸ್ಸೀ ಪ್ರಾಂತದಲ್ಲಿ ಕೆಲಕಾಲ ಬೋಧಿಸಿ, 1873ರಲ್ಲಿ ತಾನು ಓದಿದ ವೆಸ್ಲಿಯನ್ ವಿದ್ಯಾಲಯಕ್ಕೇ ಅಧ್ಯಾಪಕನಾಗಿ ಬಂದನು. ಮುಂದಿನ ವರ್ಷ ಮಾರ್ಸಿಯಾ ವುಡರ್ಡ್ ಎಂಬಾಕೆಯೊಡನೆ ವಿವಾಹವಾಯಿತು. ಜರ್ಮನಿಯಲ್ಲಿ ಸರ್ಕಾರದ ಆಶ್ರಯದಲ್ಲಿ ಕೃಷಿ ಪ್ರಯೋಗಶಾಲೆಗಳು ರೈತರಿಗೆ ನೆರವಾಗುತ್ತಿದ್ದುದನ್ನು ಕಂಡು ಬಂದಿದ್ದ ಆತನು, ತನ್ನ ನಾಡಿನಲ್ಲಿಯೂ ಅಂತಹವು ಬೇಕೆಂದು ಹಟ ಹಿಡಿದನು. ಅದರ ಫಲವಾಗಿ 1875ರಲ್ಲಿ ಅಮೇರಿಕೆಯ ಮೊತ್ತಮೊದಲ ಸಂಸ್ಥಾನ ಕೃಷಿ ಪ್ರಯೋಗಶಾಲೆಯು ಮಿಡಲ್‌ಟೌನಿನಲ್ಲಿ ತೆರೆಯಿತು. 1888ರಲ್ಲಿ ಇಡೀ ದೇಶದ ಪ್ರಯೋಗಶಾಲೆಗಳ ಕಚೇರಿಗೆ ಆತನೇ ಮೊದಲ ನಿರ್ದೇಶಕನಾದನು.

ಆದರೆ ಗೊಬ್ಬರ, ಪೈರು, ದನದ ಮೇವುಗಳ ವಿಷಯವಾಗಿ ಇಷ್ಟೊಂದು ಶೋಧನೆ ನಡೆಯುತ್ತಿರುವಾಗ, ಮನುಷ್ಯನು ಏನನ್ನು ಎಷ್ಟು ಉಣ್ಣಬೇಕೆಂಬುದನ್ನು ಕೇಳುವವರೇ ಇಲ್ಲವಲ್ಲ ಎಂಬ ಕೊರಗು ಆತನನ್ನು ಕಾಡಿತು. ಮತ್ತೆ ಜರ್ಮನಿಗೆ ಹೋಗಿ ಮ್ಯೂನಿಕ್ ನಗರದಲ್ಲಿ ಕಾರ್ಲ್ ಫೋಯ್ಟ್ ಎಂಬ ವಿದ್ವಾಂಸನ ಪ್ರಯೋಗಾಲಯದಲ್ಲಿ ದುಡಿದನು. ದೇಹವು ಉಂಡ ಆಹಾರವನ್ನು ನಿಧಾನವಾಗಿ ಉರಿಸಿ ಅದರಿಂದ ಶಾಖವನ್ನೂ ದುಡಿಮೆಯ ಶಕ್ತಿಯನ್ನೂ ಪಡೆಯುತ್ತದೆಂಬ ವಿಚಾರವು ಅಲ್ಲಿ ಬೆಳೆಯುತ್ತಿತ್ತು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಂಟಿಗ್ರೇಡ್ ಅಂಶದಷ್ಟು ಏರಿಸಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ. ಒಲೆಗೆ ಹಾಕಿದ ಸೌದೆಯನ್ನು ಅಳೆಯುವ ಮಾನದಿಂದಲೇ ಹೊಟ್ಟೆಗೆ ಹಾಕಿದ ಅನ್ನವನ್ನೂ ಅಳೆಯಬಹುದೆಂಬುದನ್ನು ಆಟ್‌ವಾಟರನು 1887ರಲ್ಲಿ ಜನಪ್ರಿಯ ಮಾಸಪತ್ರಿಕೆಯೊಂದರಲ್ಲಿ ಲೇಖನಗಳನ್ನು ಬರೆದು ಅಮೇರಿಕೆಯ ಸಾಮಾನ್ಯ ಜನರಿಗೆ ತಿಳಿಸಿಕೊಟ್ಟನು.

ಬರಿಯ ಸಿದ್ಧಾಂತದಿಂದ ಆತನು ತೃಪ್ತನಾಗಲಿಲ್ಲ. ಜನರು ನಿಜವಾಗಿ ಏನನ್ನು ಉಣ್ಣುತ್ತಿದ್ದಾರೆಂದು ಕಣ್ಣಾರೆ ನೋಡಲು ತನ್ನ ಸಹಾಯಕರನ್ನು ಮನೆಮನೆಗೆ ಕಳುಹಿಸಿದನು. ಅವರು ಅನುಸರಿಸಿದ ಕ್ರಮವು ಹೋಟೆಲಿನ ಉಗ್ರಾಣವನ್ನು ನೋಡಿಕೊಳ್ಳುವವರಿಗೆ ಚೆನ್ನಾಗಿ ಪರಿಚಿತವಾದುದೇ: ಮೊದಲ ದಿನ ಮನೆಯಲ್ಲಿರುವ ಸಾಮಾನೆಲ್ಲವನ್ನೂ ತೂಗಿ ಆರಂಭದ ಶಿಲ್ಕನ್ನು ಬರೆಯುವುದು, ನಿತ್ಯ ಕೊಂಡು ತಂದುದನ್ನು ಅದಕ್ಕೆ ಕೂಡಿಸುವುದು, ಕೊನೆಯ ದಿನದ ಶಿಲ್ಕನ್ನೂ ಎಂಜಲಾಗಿ ಹಾಳಾದುದನ್ನೂ ಕಳೆಯುವುದು, ಉಳಿದದ್ದೇ ಹೊಟ್ಟೆಗೆ ಹೋದ ಅನ್ನ. ನ್ಯೂಯಾರ್ಕಿನ ಬಡವರ ವಠಾರಗಳಲ್ಲಿಯೂ, 1895 ಮತ್ತು 1896ರಲ್ಲಿ ಅಲಬಾಮಾ ಪ್ರಾಂತದ ನೀಗ್ರೋ ರೈತರ ಗುಡಿಸಲುಗಳಲ್ಲಿಯೂ ಈ ಬಗೆಯ ತನಿಖೆಗಳು ನಡೆದವು. ಬಡವನು ತನ್ನ ಅಲ್ಪ ಹಣದಲ್ಲಿ ಬೆಲೆ ಹೆಚ್ಚಿನ, ಸತ್ವ ಕಡಿಮೆಯ ಪದಾರ್ಥಗಳನ್ನು ಕೊಂಡು ಮೋಸಹೋಗುತ್ತಾನೆಂಬುದನ್ನು ಕಂಡು ಆತನು ಮರುಗಿದನು. ಹಿಟ್ಟು, ಕಾಳು, ಹಾಲು, ಅಗ್ಗದ ಮಾಂಸ ಇವುಗಳಿಂದಲೇ ಬಲವಾದ ಊಟ ಸಾಧ್ಯವೆಂದು ಮತ್ತೆ ಮತ್ತೆ ಬೋಧಿಸಿದನು. ಮಧ್ಯಮ ತರದ ಮೈಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 3500 ಕ್ಯಾಲೊರಿ ಬೇಕೆಂಬುದು ಆತನ ಅಂದಾಜಾಗಿತ್ತು.

ಆತನ ಕೀರ್ತಿಗೆ ಮುಖ್ಯ ಕಾರಣವಾದ ಸಾಹಸವು 1892ರಲ್ಲಿ ಆರಂಭವಾಯಿತು. ಭೌತಶಾಸ್ತ್ರಜ್ಞನಾದ ಎಡ್ವರ್ಡ್ ರೋಸಾ ಎಂಬ ಸಹೋದ್ಯೋಗಿಯೊಡನೆ ಸೇರಿ, ವಿದ್ಯಾಲಯದ ಜಡ್ ಹಾಲ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ವಿಚಿತ್ರವಾದ ಕೋಣೆಯನ್ನು ಕಟ್ಟತೊಡಗಿದನು. ಲೋಹದ ಜೋಡಿ ಗೋಡೆಗಳ ಈ ಕೋಣೆಯಲ್ಲಿ ಒಬ್ಬ ಮನುಷ್ಯನು ಮಲಗಲು, ಕುಳಿತು ಓದಲು, ನಿಂತು ತಿರುಗಲು ಮಾತ್ರ ಸ್ಥಳವಿತ್ತು. ಮಡಿಸುವ ಮಂಚ, ಮೇಜು, ಕುರ್ಚಿ, ಹೊರಗಿನವರೊಡನೆ ಮಾತನಾಡಲು ಟೆಲಿಫೋನು ಇದ್ದವು. ಊಟವು ಎರಡು ಬಾಗಿಲುಗಳ ಕಿಂಡಿಯೊಂದರ ಮೂಲಕ ಒಳಹೋಗುತ್ತಿತ್ತು. ಒಳಗಿದ್ದವನ ಮೈಯಿಂದ ಹೊರಟ ಶಾಖವನ್ನು ಕೊಳವೆಗಳಲ್ಲಿ ಹರಿಯುವ ತಣ್ಣೀರು ಹೊತ್ತು ತರುತ್ತಿತ್ತು. ಆ ನೀರು ಎಷ್ಟು ಬಿಸಿಯಾಯಿತೆಂಬುದನ್ನು ಅಳೆಯುತ್ತಿದ್ದರು. ಆತನು ಬಿಟ್ಟ ಉಸಿರು, ಬೆವರಿನ ಆವಿ, ಮಲಮೂತ್ರ ಎಲ್ಲವೂ ಲೆಕ್ಕಕ್ಕೆ ಸೇರುತ್ತಿದ್ದವು. ತರುಣರು ದಿನಗಟ್ಟಲೆ ಆ ಕೋಣೆಯಲ್ಲಿ ಸೆರೆಯಿರುತ್ತಿದ್ದರು. ಕೆಲವೊಮ್ಮೆ ಸುಮ್ಮನೆ ಮಲಗಿರುತ್ತಿದ್ದರು, ಕೆಲವೊಮ್ಮೆ ನಿಂತಲ್ಲೇ ನಿಂತ ಸೈಕಲ್ಲನ್ನು ಬೆವರಿಳಿಯುವಂತೆ ತುಳಿಯುತ್ತಿದ್ದರು. ಹೊರಗೆ ಸಹಾಯಕರು ಹಗಲಿರುಳು ಸರದಿಯ ಮೇಲೆ ಎಚ್ಚರವಿದ್ದು ಅಂಕಿಗಳನ್ನು ಬರೆಯುತ್ತಿದ್ದರು.

ಫಲವು ಬೆರಗುಗೊಳಿಸುವಂತಹದಾಗಿತ್ತು. ಮನುಷ್ಯನ ದೇಹಕ್ಕೆ ಒಳಬಂದ ಶಕ್ತಿಗೂ ಹೊರಹೋದ ಶಕ್ತಿಗೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಬರಲಿಲ್ಲ. ಸಾಲದಿದ್ದಾಗ ದೇಹವು ತನ್ನ ಕೊಬ್ಬನ್ನೂ ಮಾಂಸವನ್ನೂ ಮುರಿದು ಖರ್ಚು ತುಂಬಿಸುತ್ತಿತ್ತು; ಹೆಚ್ಚಾದಾಗ ಕೂಡಿಡುತ್ತಿತ್ತು. ಉಂಡ ಅನ್ನವು ಮಾಯವಾಗುವುದಿಲ್ಲ; ಪ್ರತಿಯೊಂದು ತುತ್ತಿಗೂ ಎಲ್ಲಿಯೋ ಒಂದೆಡೆ ಲೆಕ್ಕವಿದೆ. ಈ ಸತ್ಯವು ಸಿದ್ಧವಾದ ದಿನವೇ ಉಂಡದ್ದು ಮೈಗೆ ಹತ್ತುವುದಿಲ್ಲವೆಂಬ ಮಾತಿನ ಅರ್ಥ ಬದಲಾಯಿತು. ಆರೋಗ್ಯವಂತನು ಹಾಗೆ ಹೇಳಿದರೆ, ತನ್ನ ಖರ್ಚಿಗೆ ಸಮನಾಗಿ ಮಾತ್ರ, ಇಲ್ಲವೇ ಅದಕ್ಕಿಂತ ಕಡಿಮೆ, ಉಣ್ಣುತ್ತಿದ್ದಾನೆಂದೇ ತಿಳಿಯಬೇಕು.

ಇದರ ಜೊತೆಗೆ ಆಟ್‌ವಾಟರನು ಇನ್ನೊಂದು ಉಪಕಾರವನ್ನು ಮಾಡಿದನು. ಪದಾರ್ಥವು ಒಲೆಯಲ್ಲಿ ಕೊಡುವ ಶಾಖವೆಲ್ಲವೂ ದೇಹಕ್ಕೆ ದಕ್ಕುವುದಿಲ್ಲ. ಸ್ವಲ್ಪ ಭಾಗವು ಮಲಮೂತ್ರಗಳಲ್ಲಿ ನಷ್ಟವಾಗುತ್ತದೆ. ಆ ನಷ್ಟವನ್ನು ಕಳೆದು ಆತನು ಕೊಟ್ಟ ಸೂತ್ರವನ್ನು ಎರಡನೆಯ ತರಗತಿಯ ಮಗುವೂ ಬಾಯಿಪಾಠ ಮಾಡಬಹುದು. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಗೆ 4 ಕ್ಯಾಲೊರಿ, ಒಂದು ಗ್ರಾಂ ಸಸಾರಜನಕಕ್ಕೆ 4, ಒಂದು ಗ್ರಾಂ ಎಣ್ಣೆ ತುಪ್ಪಗಳಿಗೆ 9. 1896ರಲ್ಲಿ ಚಾರ್ಲ್ಸ್ ವುಡ್ಸ್ ಎಂಬ ಸಹಾಯಕನೊಡನೆ ಆತನು ಪ್ರಕಟಿಸಿದ ಅಮೇರಿಕೆಯ ಆಹಾರ ಪದಾರ್ಥಗಳ ಕೋಷ್ಟಕವು ಸಾವಿರಾರು ವಿಶ್ಲೇಷಣೆಗಳನ್ನು ಒಳಗೊಂಡು ಬಹುಕಾಲ ಪ್ರಮಾಣಗ್ರಂಥವಾಗಿ ನಿಂತಿತು.

ಇನ್ನು ಅಗ್ನಿಪರೀಕ್ಷೆಯ ಮಾತು. ಆ ಕಾಲದ ಅಮೇರಿಕೆಯ ಶಾಲೆಗಳಲ್ಲಿ, ಮದ್ಯವು ಕೇವಲ ವಿಷ, ಅದರಲ್ಲಿ ಆಹಾರದ ಗುಣ ಲವಲೇಶವೂ ಇಲ್ಲವೆಂದು ಬೋಧಿಸುತ್ತಿದ್ದರು. ಆಟ್‌ವಾಟರನು ಇದನ್ನೂ ತನ್ನ ಕೋಣೆಯಲ್ಲಿ ಪರೀಕ್ಷಿಸಿದನು. ಮಿತವಾದ ಪ್ರಮಾಣದಲ್ಲಿ ಕೊಟ್ಟ ಮದ್ಯಸಾರವು ಬಹುಪಾಲು ದೇಹದಲ್ಲಿ ಉರಿದು, ಗ್ರಾಂ ಒಂದಕ್ಕೆ ಸುಮಾರು 7 ಕ್ಯಾಲೊರಿಗಳನ್ನು ಕೊಡುತ್ತದೆಂಬುದು ಸ್ಪಷ್ಟವಾಯಿತು. 1899ರಲ್ಲಿ ಈ ಸಂಗತಿ ಹೊರಬಿದ್ದೊಡನೆ ಪಾನನಿರೋಧದವರು ಕೆರಳಿ ಎದ್ದರು. ಆತನ ಸ್ವಂತ ಪಂಥದವರೇ ಆತನನ್ನು ಖಂಡಿಸಿದರು. ಮದ್ಯದ ವ್ಯಾಪಾರಿಗಳಾದರೋ ಅರ್ಧ ಮಾತನ್ನು ಮಾತ್ರ ಎತ್ತಿಕೊಂಡು ಜಾಹೀರಾತು ಮಾಡಿಕೊಂಡರು. ಕುಡಿತವನ್ನು ಆತನು ಎಂದೂ ಸಮರ್ಥಿಸಲಿಲ್ಲ. ಆದರೆ ಒಳ್ಳೆಯ ಉದ್ದೇಶಕ್ಕಾಗಿಯಾದರೂ ಮಕ್ಕಳಿಗೆ ಸುಳ್ಳನ್ನು ಕಲಿಸಬಾರದೆಂಬ ನಿಲುವನ್ನು ಬಿಡಲಿಲ್ಲ. ಪಾದ್ರಿಯ ಮಗನಾಗಿ ಹುಟ್ಟಿ ಸ್ವಜನರ ಕೋಪವನ್ನು ಸಹಿಸಿಕೊಂಡು ತನ್ನ ಅಂಕಿಗಳಿಗೆ ನಿಷ್ಠನಾಗಿ ನಿಂತುದು ಆತನ ದೊಡ್ಡತನ. ನಮ್ಮ ತರುಣರು ಮಾತ್ರ ಇದರಿಂದ ತಪ್ಪು ಪಾಠವನ್ನು ಕಲಿಯಬಾರದು. ಮದ್ಯದಲ್ಲಿ ಶಾಖವಿದೆ, ಮಾಂಸಖಂಡವನ್ನು ಕಟ್ಟುವ ಸಾಮಗ್ರಿಯಿಲ್ಲ. ಅದರಿಂದ ಹೊಟ್ಟೆ ಮುಂದೆ ಬಂದೀತು, ತೋಳು ತುಂಬಿಕೊಳ್ಳದು.

ಆತನಲ್ಲಿಯೂ ಒಂದು ದೊಡ್ಡ ಲೋಪವಿತ್ತು. ಕೊಟ್ಟ ಹಣಕ್ಕೆ ಎಷ್ಟು ಕ್ಯಾಲೊರಿ, ಎಷ್ಟು ಸಸಾರಜನಕ ದೊರೆಯಿತೆಂಬುದನ್ನೇ ನೋಡುತ್ತಿದ್ದ ಆತನ ತಕ್ಕಡಿಯಲ್ಲಿ ಸೊಪ್ಪು, ತರಕಾರಿ, ಹಣ್ಣುಗಳು ಹಗುರವಾಗಿ ಕಂಡವು. ಬಡವನಿಗೆ ಅವು ದುಬಾರಿಯೆಂದು ಆತನು ಎಣಿಸಿದನು. ವಿಟಮಿನ್ ಎಂಬ ಹೆಸರು ಹುಟ್ಟಿದುದು 1912ರಲ್ಲಿ, ಆತನು ತೀರಿಕೊಂಡು ಐದು ವರ್ಷಗಳ ಮೇಲೆ. ಅವನ ಕೋಣೆಯು ಶಾಖವನ್ನು ಅಳೆಯಬಲ್ಲುದಾಗಿತ್ತೇ ವಿನಾ ಶಾಖವಿಲ್ಲದ ಸತ್ವವನ್ನು ಕಾಣಲಾರದಾಗಿತ್ತು. ಕ್ಯಾಲೊರಿಯೊಂದನ್ನೇ ನೆಚ್ಚಿ ವಡೆ, ಬೋಂಡಾ, ಸಿಹಿತಿಂಡಿಗಳಿಂದ ಮೈ ಬೆಳೆಸಹೊರಟವರು ಇಂದಿಗೂ ಮಾಡುವ ತಪ್ಪು ಇದೇ.

1904ರಲ್ಲಿ ಪಾರ್ಶ್ವವಾಯು ಬಡಿದು ಆಟ್‌ವಾಟರನ ದುಡಿಮೆಯು ನಿಂತಿತು. ಮೂರು ವರ್ಷಗಳ ಅಶಕ್ತತೆಯ ಬಳಿಕ 1907ರ ಸೆಪ್ಟೆಂಬರ್ 22ರಂದು, ತನ್ನ 63ನೆಯ ವಯಸ್ಸಿನಲ್ಲಿ, ಮಿಡಲ್‌ಟೌನಿನಲ್ಲಿಯೇ ಆತನು ಕಾಲವಶನಾದನು. ಮಗಳಾದ ಹೆಲೆನ್ ತಂದೆಯ ಹಾದಿಯಲ್ಲಿಯೇ ನಡೆದು ಗೃಹವಿಜ್ಞಾನದ ಪತ್ರಿಕೆಗೆ ಸಂಪಾದಕಿಯಾಗಿ ಹೆಸರಾದಳು. ಆ ಕೋಣೆಯಲ್ಲಿ ಆತನೊಡನೆ ದುಡಿದಿದ್ದ ಫ್ರಾನ್ಸಿಸ್ ಬೆನೆಡಿಕ್ಟ್ ಎಂಬವನು, ಹ್ಯಾರಿಸ್ ಎಂಬ ಇನ್ನೊಬ್ಬನೊಡನೆ ಸೇರಿ, ಸುಮ್ಮನೆ ಮಲಗಿರುವ ದೇಹಕ್ಕೆ ಎಷ್ಟು ಕ್ಯಾಲೊರಿ ಬೇಕೆಂಬುದನ್ನು ತಿಳಿಯುವ ಸೂತ್ರವನ್ನು 1919ರಲ್ಲಿ ಪ್ರಕಟಿಸಿದನು. ನಮ್ಮ ದೇಶದಲ್ಲಿ ಕೂನೂರಿನ ಪೋಷಣ ಸಂಶೋಧನಾಲಯವು ಭಾರತೀಯ ಆಹಾರಗಳ ಕೋಷ್ಟಕವನ್ನು 1937ರಲ್ಲಿ ಹೊರತಂದಿತು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಆ ಸಂಸ್ಥೆಯು ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರಿನಿಂದ ಅಲ್ಲಿಯೇ ಇದೆ. ಅಕ್ಕಿ, ರಾಗಿ, ಬೇಳೆಗಳ ಲೆಕ್ಕವು ನಮಗೆ ದೊರೆತುದು ಹೀಗೆ.

ಈಗ ಊರಿಗೆ ಹೋಗಿ ಬಂದ ನಮ್ಮ ತರುಣನ ಕಡೆಗೆ ತಿರುಗೋಣ. ಆತನಿಗೆ 25 ವರ್ಷ, ತೂಕ 50 ಕಿಲೋ, ಎತ್ತರ 165 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಈ ಎತ್ತರಕ್ಕೆ ಅದು ಕಡಿಮೆ ತೂಕ. 55 ಕಿಲೋವಾದರೂ ಇರುವುದು ಒಳ್ಳೆಯದು. ಗಂಡಸರಿಗೆ ಹೇಳಿದ ಬೆನೆಡಿಕ್ಟನ ಸೂತ್ರದಂತೆ ತೂಕವನ್ನು 13.75ರಿಂದ ಗುಣಿಸಿದರೆ 687.5, ಎತ್ತರವನ್ನು 5ರಿಂದ ಗುಣಿಸಿದರೆ 825, ಇವೆರಡನ್ನು ಕೂಡಿಸಿ, ಅದಕ್ಕೆ 66.5ನ್ನು ಸೇರಿಸಿ, ವಯಸ್ಸನ್ನು 6.76ರಿಂದ ಗುಣಿಸಿ ಬಂದ 169ನ್ನು ಕಳೆದರೆ ಉಳಿಯುವುದು 1410. ಇದು ಮಲಗಿದ್ದಲ್ಲಿಯೇ ಆಗುವ ಖರ್ಚು. ದಿನವಿಡೀ ನಿಂತು ನಡೆದು ಬಡಿಸುವ ಸಪ್ಲಾಯರನಾದರೆ ಇದನ್ನು 1.7ರಿಂದ ಗುಣಿಸಬೇಕು, ಸುಮಾರು 2400 ಕ್ಯಾಲೊರಿಯಾಗುತ್ತದೆ. ಅದೇ ಮೈಕಟ್ಟಿನ ಗುಮಾಸ್ತನಿಗೆ 1.4ರಿಂದ ಗುಣಿಸಿದರೆ ಸುಮಾರು 2000. ಇಷ್ಟನ್ನು ಉಂಡರೆ ತೂಕ ಇದ್ದಲ್ಲಿಯೇ ಇರುತ್ತದೆ. ಏರಬೇಕಾದರೆ ದಿನಕ್ಕೆ 300ರಿಂದ 500 ಕ್ಯಾಲೊರಿಗಳನ್ನು ಹೆಚ್ಚಾಗಿ ಜಮಾ ಮಾಡಬೇಕು. ಎಂದರೆ ಸಪ್ಲಾಯರನಿಗೆ 2800, ಗುಮಾಸ್ತನಿಗೆ 2400 ಎಂದು ಹಿಡಿಯಬಹುದು.

ಹೆಚ್ಚಿನ 400 ಕ್ಯಾಲೊರಿಗೆ ಡಬ್ಬಿಯ ಪುಡಿ ಬೇಕಾಗಿಲ್ಲ. ಒಂದು ಹಿಡಿ, ಎಂದರೆ 30 ಗ್ರಾಂ, ಕಡಲೆಕಾಯಿ ಬೀಜದಲ್ಲಿ ಸುಮಾರು 170. ಒಂದು ಲೋಟ ಹಸುವಿನ ಹಾಲಿನಲ್ಲಿ ಸುಮಾರು 130. ಒಂದು ದೊಡ್ಡ ಬಾಳೆಹಣ್ಣಿನಲ್ಲಿ 100. ಅಲ್ಲಿಗೆ 400 ಆಯಿತು. ಮೈ ಕಟ್ಟುವ ಸಸಾರಜನಕವೂ 15 ಗ್ರಾಂನಷ್ಟು ದೊರೆಯಿತು. ದಿನದ ಒಟ್ಟು ಸಸಾರಜನಕವು 60ರಿಂದ 80 ಗ್ರಾಂ ಇರುವಂತೆ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನುಗಳನ್ನು ಊಟದಲ್ಲಿ ಸೇರಿಸಬೇಕು. ಆಟ್‌ವಾಟರನು ಬಿಟ್ಟ ಸೊಪ್ಪು ತರಕಾರಿಗಳನ್ನು ನಾವು ಬಿಡಬಾರದು. ಜೊತೆಗೆ ವಾರಕ್ಕೆ ಮೂರು ದಿನವಾದರೂ ದಂಡ ಬಸ್ಕಿ ಹೊಡೆದರೆ, ಕೂಡಿದ ತೂಕವು ಬರಿಯ ಕೊಬ್ಬಾಗದೆ ಮಾಂಸಖಂಡವಾಗುತ್ತದೆ.

ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿಗಳೆಂದು ಲೆಕ್ಕ. ದಿನಕ್ಕೆ 400ರಂತೆ ಕೂಡಿಸಿದರೆ ಕಾಗದದ ಮೇಲೆ ಹೆಚ್ಚು ಕಡಿಮೆ ಮೂರು ವಾರಕ್ಕೆ ಒಂದು ಕಿಲೋ ಏರಬೇಕು. ಆದರೆ ಮೈ ಬೆಳೆದಂತೆ ಮೈಯ ಖರ್ಚೂ ಬೆಳೆಯುವುದರಿಂದ ಏರಿಕೆ ಅದಕ್ಕಿಂತ ನಿಧಾನವಾಗಿರುತ್ತದೆ. 5 ಕಿಲೋವಿಗೆ ನಾಲ್ಕೈದು ತಿಂಗಳ ತಾಳ್ಮೆ ಬೇಕು. ಸೂತ್ರವೂ ಎಲ್ಲರಿಗೂ ಕರಾರುವಾಕ್ಕಾಗಿ ಒಪ್ಪುವುದಿಲ್ಲ. ಆದುದರಿಂದ ವಾರಕ್ಕೊಮ್ಮೆ, ಒಂದೇ ವೇಳೆಯಲ್ಲಿ, ತೂಗಿ ಬರೆದಿಟ್ಟು, ಏರದಿದ್ದರೆ ಇನ್ನಷ್ಟು ಕೂಡಿಸಬೇಕು. ಚೆನ್ನಾಗಿ ಉಂಡರೂ ತೂಕವು ಇಳಿಯುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಅತಿಯಾದ ಬಾಯಾರಿಕೆ ಇವುಗಳಲ್ಲಿ ಯಾವುದಾದರೂ ಕಂಡರೆ, ಲೆಕ್ಕವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಇಕ್ಕಟ್ಟಿನ ಕೋಣೆಗಳಲ್ಲಿ ಹತ್ತು ಜನರೊಡನೆ ಮಲಗುವ ನಮ್ಮವರಿಗೆ ಕ್ಷಯವು ದೂರದ ರೋಗವಲ್ಲ. ಸಿಹಿಮೂತ್ರ, ಥೈರಾಯ್ಡ್ ದೋಷಗಳೂ ಮೈಯನ್ನು ಕರಗಿಸುತ್ತವೆ.

ಹೋಟೆಲಿನ ತರುಣನ ಜಮೆಯು ಎಲ್ಲಿ ಕಡಿಮೆಯಾಗುತ್ತದೆಂಬುದನ್ನು ಈ ಲೇಖಕನು ಗಲ್ಲಾದ ಮೇಲೆ ಕುಳಿತು ಅನೇಕ ವರ್ಷ ಕಂಡಿದ್ದಾನೆ. ಬೆಳಗಿನ ಗಿರಾಕಿಗಳ ಗದ್ದಲದಲ್ಲಿ ತಿಂಡಿ ತಪ್ಪುತ್ತದೆ. ಹಸಿವಾದಾಗಲೆಲ್ಲ ಅರ್ಧ ಕಪ್ ಚಹ ಕುಡಿದು ಅದನ್ನು ಕೊಲ್ಲುತ್ತಾನೆ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಮೂರು ಗಂಟೆ ದಾಟಿರುತ್ತದೆ. ಆ ಹೊತ್ತಿಗೆ ಒಲೆಯ ಹೊಗೆಯಲ್ಲಿ, ಎಣ್ಣೆಯ ವಾಸನೆಯಲ್ಲಿ ಹಸಿವೇ ಸತ್ತುಹೋಗಿರುತ್ತದೆ. ತಟ್ಟೆಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಾನೆ. ಉಗ್ರಾಣದ ಅಕ್ಕಿ ಬೇಳೆಗಳ ಶಿಲ್ಕನ್ನು ಪ್ರತಿ ರಾತ್ರಿಯೂ ತಪ್ಪದೆ ಬರೆದ ಈ ಲೇಖಕನು, ಹುಡುಗರ ತಟ್ಟೆಯ ಲೆಕ್ಕವನ್ನು ಒಂದು ದಿನವಾದರೂ ಬರೆಯಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ. ಮಾಲೀಕರಾದವರು ಸರದಿಯ ಮೇಲೆ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ಹೊತ್ತಿಗೆ ಸರಿಯಾಗಿ ಅರ್ಧ ಗಂಟೆ ಬಿಟ್ಟುಕೊಟ್ಟರೆ ಅಂಗಡಿಯೇನೂ ಮುಳುಗದು.

ಆಟ್‌ವಾಟರನು ತನ್ನ ಕೋಣೆಯಿಂದ ಕಲಿಸಿದ ಪಾಠವು ಬಹಳ ಚಿಕ್ಕದು. ದೇಹವು ಪ್ರಾಮಾಣಿಕನಾದ ಗುಮಾಸ್ತನಂತೆ. ಕೊಟ್ಟದ್ದನ್ನು ಮರೆಯುವುದಿಲ್ಲ, ಕೊಡದಿದ್ದುದನ್ನು ಬರೆದುಕೊಳ್ಳುವುದಿಲ್ಲ. ಮುಂದಿನ ರಜೆಗೆ ಇನ್ನೂ ತಿಂಗಳುಗಳಿವೆ. ಇಂದಿನಿಂದಲೇ ದಿನಕ್ಕೊಂದು ಲೋಟ ಹಾಲು, ಒಂದು ಹಿಡಿ ಕಡಲೆಬೀಜ, ಒಂದು ಬಾಳೆಹಣ್ಣು, ಹೊತ್ತಿಗೆ ಸರಿಯಾದ ಊಟ ಇವನ್ನು ತಪ್ಪದೆ ಜಮಾ ಮಾಡುತ್ತ ಬಂದವನು ಊರಿನ ಬಸ್ಸಿನಿಂದ ಇಳಿದಾಗ, ತಾಯಿಯು ಕೇಳುವ ಮೊದಲನೆಯ ಪ್ರಶ್ನೆಯು ಬೇರೆಯದಾಗಿರುತ್ತದೆ.